ಕಪ್ಪು ಬಿಳುಪು ಕಾರ್ಡಿನ ಬೆನ್ನಿಗೆ

ಚಳ್ಳಕೆರೆ
೧೯ ಜನವರಿ ೨೦೨೫, ಭಾನುವಾರ

ಕಾಂಚನಾ,

ಈ ಕಾಗದವನ್ನು ನೀನು ಹೀಗೆ ಓದಬೇಕು. ಮಗುವಿಗೆ ಹಾಲು ಕುಡಿಸಿ, ತೇಗು ಬರಿಸಿ, ಅವನು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುವ ಹೊತ್ತು ನೋಡಿ ಕಾರ್ಡನ್ನು ಅವನ ಮುಖದಿಂದ ಒಂದು ಗೇಣು ದೂರ ಹಿಡಿ. ಚಿತ್ರವಿರುವ ಮಗ್ಗುಲು ಅವನಿಗೆ, ಬರೆದಿರುವ ಮಗ್ಗುಲು ನಿನಗೆ. ಯಾರಾದರೂ ಒಳಗೆ ಬಂದರೆ ಬಾಣಂತಿ ಮಗುವಿಗೆ ಚಿತ್ರ ತೋರಿಸುತ್ತಿದ್ದಾಳೆ, ಅಷ್ಟೇ. ಬಾಣಂತಿ ಫೋನ್ ಮುಟ್ಟಬಾರದು, ಪುಸ್ತಕ ಹಿಡಿಯಬಾರದು, ಕಣ್ಣು ಹಾಳಾಗುತ್ತದೆ ಅಂತ ನಿಮ್ಮ ಅವ್ವ ಕಾಯ್ದೆ ಮಾಡಿದ್ದಾರಂತಲ್ಲ, ನಿನ್ನ ಗಂಡ ಅನ್ನಿಸಿಕೊಂಡ ನನ್ನ ತಮ್ಮ ರವಿ ಹೇಳಿದ. ಫೋನ್ ಮಾಡಿದರೆ ಸ್ಪೀಕರ್ ಹಾಕಿಕೊಂಡು ನಿಮ್ಮ ಅವ್ವ ದ್ಯಾಮಮ್ಮನವರೇ ಮಾತಾಡುತ್ತಾರೆ. ಕಾರ್ಡು ನೋಡಬಾರದು ಅಂತ ಇನ್ನೂ ಯಾರೂ ಕಾಯ್ದೆ ಮಾಡಿಲ್ಲ, ಮಾಡುವುದರೊಳಗೆ ಓದಿ ಮುಗಿಸು.

ಭಾನುವಾರ ನಿನ್ನನ್ನು ನೋಡಲು ಬರುವ ರವಿಯ ಕೈಯಲ್ಲಿ ನಾಲ್ಕು ಕಾರ್ಡು ಕಳಿಸಿದ್ದೇನೆ, ಹಿಂದೆ ನಂಬರ್ ಹಾಕಿದ್ದೇನೆ. ಒಂದರಲ್ಲಿ ಪಟ್ಟೆ, ಒಂದರಲ್ಲಿ ಚೌಕ, ಇನ್ನೊಂದರಲ್ಲಿ ಒಂದರೊಳಗೊಂದು ಉಂಗುರ, ಕೊನೆಯದರಲ್ಲಿ ಒಂದು ಮುಖ. ಆಗತಾನೇ ಹುಟ್ಟಿದ ಕೂಸಿಗೆ ಬಣ್ಣ ಗಿಣ್ಣ ಸರಿಯಾಗಿ ಕಾಣುವುದಿಲ್ಲ, ಕಪ್ಪು ಬಿಳುಪು ಪಕ್ಕಪಕ್ಕದಲ್ಲಿ ದಪ್ಪಗೆ ಇದ್ದರೆ ಕಣ್ಣು ನಿಲ್ಲುತ್ತದೆ ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದರು. ಎರಡು ನಿಮಿಷ ಸಾಕು. ಮುಖ ತಿರುಗಿಸಿದರೆ ಬಿಟ್ಟುಬಿಡು. ಇದರಿಂದ ಅವನು ಮುಂದೆ ಡಿ.ಸಿ. ಆಗುತ್ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ನೋಡುವುದನ್ನು ಕಲಿಯುತ್ತಾನೆ. ಇವೆಲ್ಲಕ್ಕಿಂತ ಒಳ್ಳೆಯ ಕಾರ್ಡು ನಿನ್ನ ಮುಖವೇ, ಅದನ್ನೂ ತೋರಿಸುತ್ತಿರು.

ನನ್ನಿವಾಳದ ನನ್ನ ಅಂಗನವಾಡಿಯಲ್ಲಿ ಮಕ್ಕಳು ಊಟ ಮಾಡಿ ಮಲಗಿದ ಮೇಲೆ ಕೂತು ಇವನ್ನು ಬರೆದೆ. ಸ್ಕೇಲ್ ಹಿಡಿದರೂ ಒಂದು ಪಟ್ಟೆ ಸೊಟ್ಟಗಾಗಿದೆ. ಅವನು ಯಾರಿಗೂ ಹೇಳುವುದಿಲ್ಲ ಅನ್ನುವ ಧೈರ್ಯ.

ಆಸ್ಪತ್ರೆಗೆ ಬರಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಅವತ್ತು ಇಲಾಖೆಯ ಮೀಟಿಂಗ್ ಇತ್ತು. ರವಿ ಫೋಟೋ ತೋರಿಸಿದ. ಎಲ್ಲದರಲ್ಲೂ ಮೂಗಿನವರೆಗೆ ಟೋಪಿ, ಕಣ್ಣು ಮುಚ್ಚಿದೆ. ನನ್ನ ತಮ್ಮನ ಮಗನ ಕಣ್ಣು ಯಾರ ಹಾಗಿವೆ ಅಂತ ನನಗಿನ್ನೂ ಗೊತ್ತಿಲ್ಲ ನೋಡು. ನಮ್ಮವ್ವ ಹೋದಾಗ ರವಿಗೆ ಒಂಬತ್ತು ವರ್ಷ. ತಲೆ ಬಾಚಿ, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿದವಳು ನಾನು. ಮೂರನೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಅವನ ಮಗನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆಯಾದ ನಾನೇ. ಅದೊಂದು ಬೇಕು ನನಗೆ ಕಾಂಚನಾ, ಬೇರೇನೂ ಬೇಡ. ಇವತ್ತಿನಿಂದಲೇ ದಿನ ಎಣಿಸುತ್ತಿದ್ದೇನೆ.

ನಿನ್ನ ಗಂಡನ ಅಕ್ಕ, ನಿಮ್ಮ ಮನೆಮಾತಿನಲ್ಲಿ ವದಿನ,
ಕಾವ್ಯ


ಮೊಳಕಾಲ್ಮುರು
೨೬ ಜನವರಿ ೨೦೨೫

ವದಿನಾ,

ಕಿವಿಗೆ ಹತ್ತಿ, ತಲೆಗೆ ಮಫ್ಲರ್, ಸೊಂಟಕ್ಕೆ ಹಳೆ ಸೀರೆ ಬಿಗಿದುಕೊಂಡು ಕೂತಿದ್ದೇನೆ. ನೀವು ನೋಡಿದರೆ ಶೇಂಗಾ ಮೂಟೆ ಅಂತ ಎತ್ತಿ ಲಾರಿಗೆ ಹಾಕಿಬಿಡುತ್ತೀರಿ. ದಿನಾ ಅದೇ ಮೆಣಸಿನ ಸಾರು, ಅದೇ ಬೆಳ್ಳುಳ್ಳಿ. ಅವ್ವ ಬಟ್ಟೆ ಒಗೆಯಲು ಹೋದಾಗ ಅಪ್ಪ ಸೀರೆಯ ಡಿಸೈನ್ ಹಾಕುವ ಗ್ರಾಫ್ ಹಾಳೆಯನ್ನು ಕದ್ದು ಇದನ್ನು ಬರೆಯುತ್ತಿದ್ದೇನೆ. ಚೌಕದೊಳಗೆ ಅಕ್ಷರ ಕೂರಿಸಿ ಬರೆಯುವಾಗ ನಾನೂ ನೇಯುತ್ತಿದ್ದೇನೆ ಅನ್ನಿಸುತ್ತದೆ.

ಮೊದಲ ಮೂರು ದಿನ ನಿಮ್ಮ ಪಟ್ಟೆ ಚೌಕ ಯಾವುದನ್ನೂ ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟ್ಯೂಬ್‌ಲೈಟನ್ನೇ ನೋಡುತ್ತಿದ್ದ. ನನಗೆ ಹೆದರಿಕೆಯಾಯಿತು, ಇವನಿಗೆ ಕಾಣುತ್ತದೋ ಇಲ್ಲವೋ ಅಂತ. ಗುರುವಾರ ಉಂಗುರದ ಕಾರ್ಡು ಹಿಡಿದೆ. ಕಾಲು ಒದೆಯುವುದನ್ನು ನಿಲ್ಲಿಸಿಬಿಟ್ಟ! ಬಾಯಿ ಸ್ವಲ್ಪ ತೆರೆದು, ಹುಬ್ಬು ಗಂಟು ಹಾಕಿ, ಮಗ್ಗದ ಮುಂದೆ ಅಪ್ಪ ಎಳೆ ಹುಡುಕುವ ಹಾಗೆ ನೋಡಿದ. ನೀವು ಎರಡು ನಿಮಿಷ ಅಂದಿದ್ದಿರಿ, ನಾನು ಐದು ನಿಮಿಷ ಹಿಡಿದೆ. ಅವನಿಗಾಗಿ ಅಲ್ಲ, ಹಿಂದಿದ್ದ ನಿಮ್ಮ ಕಾಗದವನ್ನು ಮತ್ತೆ ಓದುತ್ತಿದ್ದೆ.

ಮುಖದ ಕಾರ್ಡಿನ ಕಥೆ ಕೇಳಿ. ಅವ್ವ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ಏಮೇ ಇದು, ಕೂಸಿಗೆ ಕರಿ ಮಾರಿ ತೋರಿಸ್ತೀಯಾ? ಬಣ್ಣದ ಗಿಲಕಿ ತಂದು ಕಟ್ಟೀನಲ್ಲ, ಅದು ಕಾಣಾಕಿಲ್ವಾ?" ಸಂಜೆ ನೋಡುತ್ತೇನೆ, ನಿಮ್ಮ ಕಾರ್ಡು ಬಾಗಿಲ ಮೇಲೆ ನಿಂಬೆಹಣ್ಣು ಮೆಣಸಿನಕಾಯಿ ಸಮೇತ ದೃಷ್ಟಿಬೊಂಬೆಯಾಗಿ ನೇತಾಡುತ್ತಿದೆ. "ಇದು ಮಾತ್ರ ಒಳ್ಳೆ ಕೆಲಸಕ್ಕೆ ಬಂತು ನೋಡು" ಅಂದಳು. ನೀವು ಬರೆದ ಕೊನೆಯ ಭಾಗ ಅದರ ಹಿಂದೆಯೇ ಇತ್ತು. ಅವ್ವನಿಗೆ ಓದು ಬರುವುದಿಲ್ಲ, ಸದ್ಯ. ಅಪ್ಪ ಸ್ಟೂಲ್ ಹತ್ತಿ ಬಿಚ್ಚಿ ತಂದುಕೊಟ್ಟ. ನಾನು ಓದಿದ ಮೇಲೆ ಮತ್ತೆ ಹತ್ತಿ ಕಟ್ಟಿದ.

ತೊಟ್ಟಿಲಿನ ಮಾತು ಇನ್ನೂ ದೂರ ಇದೆಯಲ್ಲ ವದಿನಾ, ಆಗ ನೋಡೋಣ ಬಿಡಿ. ಇನ್ನಷ್ಟು ಕಾರ್ಡು ಕಳಿಸಿ. ಅವನಿಗೂ ಬೇಕು, ನನಗೂ ಬೇಕು.

ಕಾಂಚನಾ


ಚಳ್ಳಕೆರೆ
೯ ಫೆಬ್ರವರಿ ೨೦೨೫

ಕಾಂಚನಾ,

ದೃಷ್ಟಿಬೊಂಬೆ ಕಥೆ ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ನನ್ನ ಕೈಯಲ್ಲಿ ಮೂಡಿದ ಮುಖ ನಿಮ್ಮ ಮನೆಯ ಬಾಗಿಲು ಕಾಯುತ್ತಿದೆ ಅಂದರೆ ಸಣ್ಣ ಮಾತೇ. ಈ ಸಲ ಐದು ಕಾರ್ಡಿವೆ. ಎಲೆ, ಮೀನು, ಮನೆ, ಹೂವು, ಕುರಿ. ಕುರಿ ಬರೆಯುವುದು ಸುಲಭ, ನಮ್ಮ ಕಡೆಯ ಕುರಿಗಳು ಹುಟ್ಟುತ್ತಲೇ ಕಪ್ಪು ಬಿಳುಪು. ಈಗ ಕಾರ್ಡನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಸರಿಸು. ಕಣ್ಣು ಹಿಂದೆಯೇ ಬರುತ್ತದೋ ನೋಡಿ ಬರೆ. ಯಾವ ಕಡೆ ಬೇಗ ತಿರುಗುತ್ತಾನೆ, ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾನೆ, ಎಲ್ಲ ಬೇಕು ನನಗೆ. ನೀನು ಹೋದ ಸಲ ಬರೆದ ಹುಬ್ಬುಗಂಟನ್ನು ಎಷ್ಟು ಸಲ ಓದಿದ್ದೇನೋ. ರವಿಯೂ ಚಿಕ್ಕವನಿದ್ದಾಗ ಹಾಗೇ ಹುಬ್ಬು ಗಂಟು ಹಾಕುತ್ತಿದ್ದ.

ಆದರೆ "ಆಗ ನೋಡೋಣ ಬಿಡಿ" ಅಂದರೇನು? ನಮ್ಮ ಅಂಗನವಾಡಿಯ ಚಾವಣಿ ಸೋರುತ್ತದೆ ಅಂತ ಅರ್ಜಿ ಕೊಟ್ಟಾಗಲೆಲ್ಲ ಆಫೀಸಿನಲ್ಲಿ ಇದೇ ಮಾತು ಹೇಳುತ್ತಾರೆ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಮುಚ್ಚಿಡುವುದು ಬೇಡ. ಮೂರು ವರ್ಷದ ಹಿಂದೆ ನನ್ನ ಮಗು ಒಂಬತ್ತು ದಿನಕ್ಕೆ ಹೋಯಿತು. ಅಲ್ಲಿಂದೀಚೆಗೆ ಯಾರೂ ನನ್ನನ್ನು ಸೀಮಂತಕ್ಕೆ ಕರೆಯುವುದಿಲ್ಲ. ಕರೆದರೂ ಕುಂಕುಮ ಕೊಟ್ಟು ಬೇಗ ಕಳಿಸುತ್ತಾರೆ. ಕಣ್ಣು ಬೀಳುತ್ತದಂತೆ. ನನ್ನಿವಾಳದಲ್ಲಿ ದಿನಾ ಮೂವತ್ತೆರಡು ಮಕ್ಕಳ ಮೂಗು ಒರೆಸುತ್ತೇನೆ, ತೂಕ ನೋಡುತ್ತೇನೆ, ಮಡಿಲಲ್ಲಿ ಮಲಗಿಸಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಅವರಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮ ಅವ್ವ ಹಾಗೆ ಅಂದುಕೊಂಡಿದ್ದರೆ ನನಗೆ ಆಶ್ಚರ್ಯವಿಲ್ಲ. ನೀನು ಮಾತ್ರ ನನಗೆ ನೇರವಾಗಿ ಹೇಳು.

ಮುಂದಿನ ಭಾನುವಾರ ರವಿಯ ಬೈಕಿನ ಹಿಂದೆ ಕೂತು ಬಂದುಬಿಡಲೇ? ಒಂದು ಗಂಟೆ ಇದ್ದು ಬರುತ್ತೇನೆ. ಎತ್ತಿಕೊಳ್ಳದಿದ್ದರೂ ಪರವಾಗಿಲ್ಲ. ನೋಡಬೇಕು ಅನ್ನಿಸುತ್ತಿದೆ, ತುಂಬಾ ಅನ್ನಿಸುತ್ತಿದೆ.

ಕಾವ್ಯ


ಮೊಳಕಾಲ್ಮುರು
೧೬ ಫೆಬ್ರವರಿ ೨೦೨೫

ವದಿನಾ,

ಈಗ ಬರಬೇಡಿ. ಇಲ್ಲಿ ಎಲ್ಲರಿಗೂ ನೆಗಡಿ ಹಿಡಿದಿದೆ, ನಿಮಗೂ ಹತ್ತುತ್ತದೆ, ಆಮೇಲೆ ನಿಮ್ಮ ಅಂಗನವಾಡಿಯ ಮಕ್ಕಳಿಗೂ ಬರುತ್ತದೆ. ಬೇರೇನೂ ಇಲ್ಲ.

ಕಣ್ಣು ಹಿಂದೆಯೇ ಬರುತ್ತದೆ. ಎಡಕ್ಕೆ ಬೇಗ, ಬಲಕ್ಕೆ ಸ್ವಲ್ಪ ತಡ. ಮೀನೆಂದರೆ ಬಹಳ ಇಷ್ಟ. ಕುರಿಯನ್ನು ನೋಡಿ ಆಕಳಿಸುತ್ತಾನೆ. ಅಪ್ಪ ಹೂವಿನ ಕಾರ್ಡು ಹಿಡಿದು ನೋಡಿ "ಎವುರು ಗೀಸಿನಾರಮ್ಮಾ ಇದಿ? ಕೈ ಚೆನ್ನಾಗೈತೆ" ಅಂದ. ನೀವು ಬರೆದಿದ್ದು ಅಂದೆ. ಸುಮ್ಮನೆ ತಲೆಯಾಡಿಸಿದ.

ಗುರುವಾರ ಒಂದೂವರೆ ತಿಂಗಳ ಇಂಜೆಕ್ಷನ್ ಇದೆ. ಅವನ ತೊಡೆ ನೆನೆದರೆ ಈಗಲೇ ನನಗೆ ಅಳು.

ಕಾಂಚನಾ


ಚಳ್ಳಕೆರೆ
೨ ಮಾರ್ಚ್ ೨೦೨೫

ಕಾಂಚನಾ,

ಈ ಸಲ ಕಾರ್ಡಿಲ್ಲ, ಬರೀ ಕಾಗದ. ಅವ್ವನಿಗೆ ಕಾಣುವ ಹಾಗೇ ಓದು, ನನಗೇನೂ ಇಲ್ಲ.

ರವಿ ಬಾಯಿ ತಪ್ಪಿ ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಇಂಜೆಕ್ಷನ್ ಹಾಕಿಸಿದ ರಾತ್ರಿ ಕೂಸಿಗೆ ಜ್ವರ ಬಂತಂತೆ, ಮಾರನೆಯ ದಿನ ನಿಮ್ಮ ಅವ್ವ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಅವನಿಗೆ ನಿವಾಳಿಸಿದರಂತೆ. ಊರವರ ಕಣ್ಣು, ಕೇರಿಯವರ ಕಣ್ಣು ಅಂತೆಲ್ಲ ಹೇಳಿ ಕೊನೆಯಲ್ಲಿ "ಚಳ್ಳಕೆರೆ ಕಾವ್ಯನ ಕಣ್ಣು" ಅಂದರಂತೆ. ನನ್ನ ಕಾರ್ಡುಗಳನ್ನೆಲ್ಲ ಅಟ್ಟಕ್ಕೆ ಹಾಕಿದರಂತೆ. ನೀನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದೆ, ಒಂದು ಮಾತೂ ಆಡಲಿಲ್ಲವಂತೆ.

ಆ ಇಂಜೆಕ್ಷನ್ ಹಾಕಿದರೆ ಒಂದೆರಡು ದಿನ ಜ್ವರ ಬರುತ್ತದೆ, ಹೆದರಬೇಡಿ ಅಂತ ವರ್ಷಕ್ಕೆ ಎಷ್ಟು ತಾಯಂದಿರಿಗೆ ನಾನೇ ಹೇಳುತ್ತೇನೆ! ನನ್ನ ಕೆಲಸವೇ ಅದು. ನಾನು ಇರುವುದು ಚಳ್ಳಕೆರೆಯಲ್ಲಿ, ಮಗು ಇರುವುದು ಮೊಳಕಾಲ್ಮುರಿನಲ್ಲಿ. ಅವನನ್ನು ನೋಡದೇ ಇರುವವಳ ಕಣ್ಣು ಅವನ ಮೇಲೆ ಬಿದ್ದಿದ್ದು ಹೇಗೆ ಅಂತ ನಿಮ್ಮ ಅವ್ವನನ್ನು ಕೇಳಿ ತಿಳಿಸು.

ಅವರ ಮೇಲೆ ಸಿಟ್ಟಿಲ್ಲ. ನಿನ್ನ ಮೇಲಿದೆ. ನೆಗಡಿಯಂತೆ ನೆಗಡಿ!

ಎರಡು ತಿಂಗಳಾಯಿತು, ಇನ್ನು ಅವನಿಗೆ ಬಣ್ಣ ಕಾಣತೊಡಗುತ್ತದೆ. ಗಿಲಕಿ ಸಾಕು. ಕಾರ್ಡು ಕಳಿಸುವುದಿಲ್ಲ.

ಕಾವ್ಯ


ಮೊಳಕಾಲ್ಮುರು
೯ ಮಾರ್ಚ್ ೨೦೨೫

ವದಿನಾ,

ನಿಮಗೆ ಸುಳ್ಳು ಹೇಳಿ ಹೇಳಿ ನನಗೇ ಸಾಕಾಗಿದೆ. ಯಾರಿಗೂ ನೆಗಡಿ ಇರಲಿಲ್ಲ. ನೀವು ಬರುತ್ತೀರಿ ಅಂತ ಬಾಯಿ ಬಿಟ್ಟಿದ್ದಕ್ಕೆ ಅವ್ವ ಮೂರು ದಿನ ಮಾತು ಬಿಟ್ಟಿದ್ದಳು. ಬಾಣಂತಿಯ ಸ್ನಾನ, ಊಟ, ಮಗುವಿಗೆ ಎಣ್ಣೆ ನೀರು ಎಲ್ಲವೂ ಅವಳ ಕೈಯಲ್ಲಿದೆ. ನನಗೆ ಧೈರ್ಯ ಸಾಲಲಿಲ್ಲ.

ಅದಕ್ಕಿಂತ ಕೆಟ್ಟದ್ದೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟು ಬರಲಿಲ್ಲ. ಕಣ್ಣು ಬಿದ್ದಿದ್ದರೆ ಘಾಟು ಬರುವುದಿಲ್ಲವಂತೆ. "ನೋಡ್ದಾ? ನಾ ಹೇಳಿರ್ಲಿಲ್ವಾ?" ಅಂದಳು ಅವ್ವ. ಇಂಜೆಕ್ಷನ್ ಜ್ವರ ಅಂತ ನನಗೆ ಗೊತ್ತಿತ್ತು, ನರ್ಸೂ ಹೇಳಿದ್ದರು. ಆದರೂ ಅವನು ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು, ಮೈ ಹೆಂಚಿನ ಹಾಗೆ ಕಾದಿತ್ತು. ಆಗ ಯಾರು ಏನು ಹೇಳಿದ್ದರೂ ನಂಬುತ್ತಿದ್ದೆ. ಅರ್ಧ ಗಂಟೆ ನಾನೂ ನಂಬಿದೆ ವದಿನಾ. ನಿಮ್ಮ ಕಣ್ಣೇ ಅಂತ ನಂಬಿದೆ. ಜ್ವರದ ಔಷಧಿ ಹಾಕಿದ ಮೇಲೆ ಮೈ ತಣ್ಣಗಾಯಿತು, ಆಗ ನಾಚಿಕೆಯಾಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ.

ತೊಟ್ಟಿಲಿಗೆ ಏಪ್ರಿಲ್ ಎರಡು, ಬುಧವಾರ ಅಂತ ಗೊತ್ತು ಮಾಡಿದ್ದಾರೆ. ಹೆಸರು ಹೇಳಲು ನಿಮ್ಮ ಚಿಕ್ಕಪ್ಪನ ಮಗಳು ಶಿಲ್ಪಾನನ್ನು ಕರೆದಿದ್ದಾರೆ. ಅವಳೂ ಸೋದರತ್ತೆಯೇ ಆಗಬೇಕು, ಎರಡು ಮಕ್ಕಳ ತಾಯಿ, ಅದೇ ಸರಿ ಅಂತ ಅವ್ವನ ವಾದ. ರವಿ ಒಂದು ಸಲ ಎದುರು ಮಾತಾಡಿ ಬೈಸಿಕೊಂಡರು. ಈ ಸುದ್ದಿ ನನ್ನಿಂದಲೇ ನಿಮಗೆ ತಿಳಿಯಲಿ ಅಂತ ಬರೆದೆ.

ಬೈದಾದರೂ ಒಂದು ಕಾಗದ ಬರೆಯಿರಿ.

ಕಾಂಚನಾ


ಮೊಳಕಾಲ್ಮುರು
೨೩ ಮಾರ್ಚ್ ೨೦೨೫

ವದಿನಾ,

ಎರಡು ಭಾನುವಾರವೂ ರವಿ ಬರಿಗೈಯಲ್ಲಿ ಬಂದರು. "ಅಕ್ಕ ಏನೂ ಕೊಡ್ಲಿಲ್ಲ ಕಣೇ" ಅಂದರು. ನಿಮ್ಮ ಸಿಟ್ಟು ನ್ಯಾಯವೇ, ಬೈಯುವುದನ್ನೂ ಬಿಟ್ಟರೆ ಹೇಗೆ?

ಅಟ್ಟದಿಂದ ಮೀನಿನ ಕಾರ್ಡು ಇಳಿಸಿಕೊಂಡಿದ್ದೇನೆ. ಅವ್ವ ನೋಡಿಯೂ ಸುಮ್ಮನಿದ್ದಾಳೆ. ಅವನು ಈಗ ಅದನ್ನು ನೋಡಿ ಕೈ ಬೀಸುತ್ತಾನೆ, ಬಾಯಲ್ಲಿ "ಆವು ಆವು" ಅನ್ನುತ್ತಾನೆ. ಹಿಂದಿನ ಅಕ್ಷರ ನನ್ನ ಬೆವರಿಗೆ ಅಲ್ಲಲ್ಲಿ ಅಳಿಸಿದೆ, ಆದರೂ ಓದುತ್ತೇನೆ.

ಕಾಂಚನಾ


ಚಳ್ಳಕೆರೆ
೩೦ ಮಾರ್ಚ್ ೨೦೨೫, ಯುಗಾದಿ

ಕಾಂಚನಾ,

ನೀನು ಒಂದು ಸುಳ್ಳು ಹೇಳಿದ್ದೆ, ಒಪ್ಪಿಕೊಂಡೆ. ನನ್ನದೂ ಒಂದಿದೆ. ಎರಡು ಭಾನುವಾರ ಇದನ್ನೇ ಬರೆಯಲು ಕೂತು ಹರಿದು ಹಾಕಿದೆ.

ಅವತ್ತು ಯಾವ ಮೀಟಿಂಗೂ ಇರಲಿಲ್ಲ. ನೀನು ಹೆತ್ತ ಮಾರನೆಯ ದಿನ ರಜೆ ಹಾಕಿ ಮೊಳಕಾಲ್ಮುರಿಗೆ ಬಂದೆ. ಆಸ್ಪತ್ರೆಗೆ ಬಂದೆ, ವಾರ್ಡಿನ ಬಾಗಿಲವರೆಗೂ ಬಂದೆ. ನೀನು ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದೆ. ನಿನ್ನ ಬೆನ್ನ ಹಿಂದೆ ಬಿಳಿ ಬಟ್ಟೆಯ ಸಣ್ಣ ಗಂಟು, ಅದರ ತುದಿಯಲ್ಲಿ ಟ್ಯಾಗು ಕಟ್ಟಿದ ಒಂದು ಕಾಲು. ನಿಮ್ಮ ಅವ್ವ ಫ್ಲಾಸ್ಕ್ ಹಿಡಿದು ಬಿಸಿನೀರಿಗೆ ಹೋಗಿದ್ದರು. ನನ್ನನ್ನು ತಡೆಯುವವರು ಯಾರೂ ಅಲ್ಲಿರಲಿಲ್ಲ. ಹತ್ತು ಹೆಜ್ಜೆ ಇಟ್ಟಿದ್ದರೆ ಅವನ ಮುಖ ನೋಡಬಹುದಿತ್ತು. ನಾನೇ ತಿರುಗಿ ಹೊರಟು ಬಸ್ಸು ಹತ್ತಿದೆ.

ಯಾಕೆ ಅಂತ ಯಾರಿಗೂ ಹೇಳಿಲ್ಲ, ನಮ್ಮ ಮನೆಯವರಿಗೂ ಹೇಳಿಲ್ಲ. ನನ್ನ ಮಗ ಇದ್ದ ಒಂಬತ್ತು ದಿನವೂ ನಾನು ಅವನನ್ನು ನೋಡುತ್ತಲೇ ಇದ್ದೆ. ನಿದ್ದೆ ಮಾಡು ಅಂದರೂ ಮಾಡದೆ ನೋಡಿದೆ. "ಅಷ್ಟು ನೋಡಬ್ಯಾಡವ್ವಾ, ತಾಯಿ ಕಣ್ಣೇ ತಾಗ್ತೈತೆ" ಅಂತ ಪಕ್ಕದ ಹಾಸಿಗೆಯ ಅಜ್ಜಿ ಒಂದು ಮಾತು ಹೇಳಿತು. ನಾನು ನಕ್ಕೆ. ಹತ್ತನೆಯ ದಿನ ಅವನಿರಲಿಲ್ಲ. ಅವನ ಹೃದಯದಲ್ಲಿ ದೋಷವಿತ್ತು ಅಂತ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಅದನ್ನು ನೂರು ಸಲ ಓದಿದ್ದೇನೆ. ತಾಯಂದಿರಿಗೆಲ್ಲ ದೃಷ್ಟಿ ಗಿಷ್ಟಿ ಸುಳ್ಳು ಅಂತ ಪಾಠ ಹೇಳುವವಳು ನಾನು. ಆದರೆ ನನ್ನ ಕಣ್ಣಿಗೆ ನಾನೇ ಹೆದರುತ್ತೇನೆ ಕಾಂಚನಾ. ನೀನು ಅರ್ಧ ಗಂಟೆ ನಂಬಿದ್ದಕ್ಕೆ ನಾಚಿಕೆಪಟ್ಟೆ. ನಾನು ಮೂರು ವರ್ಷದಿಂದ ನಂಬಿದ್ದೇನೆ.

ಕಾರ್ಡು ಬರೆದಿದ್ದೂ ಅದಕ್ಕೇ. ಅವನ ಮುಖದಿಂದ ಒಂದು ಗೇಣು ದೂರದಲ್ಲಿ ನಿಲ್ಲುವ ಧೈರ್ಯ ನನಗಿರಲಿಲ್ಲ. ನನ್ನ ಬದಲು ನನ್ನ ಕೈಬರಹ ನಿಲ್ಲಲಿ ಅಂತ ಕಳಿಸಿದೆ. ಬರಲೇ ಅಂತ ನಿನ್ನನ್ನು ಕೇಳಿದಾಗಲೂ ಬೇಡ ಅನ್ನಲಿ ಅಂತ ಒಳಗೆ ಒಂದು ಕಡೆ ಕಾಯುತ್ತಿದ್ದೆ. ನೀನು ಬೇಡ ಅಂದೆ, ನಾನು ಉರಿದುಬಿದ್ದೆ.

ನಮ್ಮಲ್ಲಿ ಹೆಸರಿಡುವುದು ಮೂರನೇ ತಿಂಗಳಿಗೆ. ಅವನಿಗೆ ಮೂರನೇ ತಿಂಗಳೇ ಬರಲಿಲ್ಲ, ಹೆಸರಿಲ್ಲದೆ ಹೋದ. ನಿನ್ನ ಮಗನಿಗೆ ಬಂದಿದೆ. ಬುಧವಾರ ಶಿಲ್ಪಾ ಹೆಸರು ಹೇಳಲಿ, ಅವಳ ಬಾಯಿ ಒಳ್ಳೆಯದು. ನಾನು ಇಲ್ಲಿಂದಲೇ ಒಳ್ಳೆಯದಾಗಲಿ ಅನ್ನುತ್ತೇನೆ. ಬೇವು ಬೆಲ್ಲ ರವಿಯ ಕೈಯಲ್ಲಿ ಕಳಿಸಿದ್ದೇನೆ.

ಕಾವ್ಯ


ಮೊಳಕಾಲ್ಮುರು
೩ ಏಪ್ರಿಲ್ ೨೦೨೫, ಗುರುವಾರ

ವದಿನಾ,

ಭಾನುವಾರದವರೆಗೆ ಕಾಯಲಾರೆ, ಇವತ್ತೇ ರವಿಯ ಕೈಯಲ್ಲಿ ಕೊಡುತ್ತಿದ್ದೇನೆ. ಇದನ್ನು ಮಂಚದ ಮೇಲೆ ಎಲ್ಲರೆದುರಿಗೆ ಕೂತು ಬರೆಯುತ್ತಿದ್ದೇನೆ. ಅವ್ವ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ.

ನಿನ್ನೆ ತೊಟ್ಟಿಲು ಕಟ್ಟಿದರು. ನಿಮ್ಮ ಕಾಗದವನ್ನು ನಾನು ಸೋಮವಾರದಿಂದ ರವಿಕೆಯೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದೆ. ಶಿಲ್ಪಾ ಹೆಸರು ಹೇಳುವವಳಿಗೆ ಕೊಡುವ ಹೊಸ ಸೀರೆ ಉಟ್ಟು ಬಂದಳು, ಹೆಂಗಸರೆಲ್ಲ ಹಾಡಿದರು, ಅವಳು ಬಾಗಿದಳು. ನಾನು ಎರಡೂ ಅಂಗೈಯಲ್ಲಿ ಮಗುವಿನ ಎರಡೂ ಕಿವಿ ಮುಚ್ಚಿಬಿಟ್ಟೆ.

ಹಾಡು ನಿಂತಿತು. "ಏಮೇ, ಹುಚ್ಚು ಹಿಡೀತಾ ನಿಂಗೆ? ಕೈ ತೆಗಿ" ಅಂದಳು ಅವ್ವ. "ತೆಗಿಯಲ್ಲ. ಇವನ ಸೋದರತ್ತೆ ಚಳ್ಳಕೆರ್‍ಯಾಗೈತೆ. ಅದು ಬರೋಗಂಟ ಇವನ ಕಿವಿಗೆ ಯಾರ ಮಾತೂ ಬೀಳಬಾರ್ದು" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಶಿಲ್ಪಾ ಸಿಟ್ಟಾಗಲಿಲ್ಲ, ನಕ್ಕಳು. "ನಂಗೇನ್ ಬೇಜಾರಿಲ್ಲ ಕಣೇ. ಕೊಟ್ಟಿರೋ ಸೀರೆ ಮಾತ್ರ ವಾಪಸ್ ಕೊಡಾಕಿಲ್ಲ."

ಆಗ ಅಪ್ಪ ಮಾತಾಡಿದ. ನಿಮಗೆ ಗೊತ್ತಲ್ಲ, ವರ್ಷಕ್ಕೆ ನಾಲ್ಕು ಮಾತು ಆಡುವವನು. "ಅವಳಿಗೆ ಕೊಟ್ಟಿದ್ದು ಅಂಗಡಿ ಸೀರೆ. ಕಾವ್ಯಮ್ಮಂದು ಮಗ್ಗದ ಮ್ಯಾಲೈತೆ, ಸೆರಗು ಬಾಕಿ" ಅಂದ. ಬಾಗಿಲ ಮೇಲಿನ ಕಾರ್ಡು ಬಿಚ್ಚಿದ ದಿನ ಹಿಂದಿದ್ದುದನ್ನು ಅವನೂ ಓದಿದ್ದನಂತೆ, ಹೂವು ಯಾರು ಬರೆದದ್ದು ಅಂತ ಆಮೇಲೆ ಕೇಳಿದ್ದು ಬರೀ ನಾಟಕ. ಅವತ್ತಿನಿಂದ ನಿಮಗಾಗಿ ನೇಯುತ್ತಿದ್ದಾನೆ, ನನಗೇ ತಿಳಿದಿರಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿ ಹೇಳಿದ, "ಕಾಂಚನನ ಮುಂಚೆ ನೀನೂ ಎರಡು ಕೂಸು ಕಳಕಂಡಿದ್ದೆ. ನಿನ್ನ ಯಾರಾನ ದೂರ ಇಟ್ಟಿದ್ರಾ?"

ಅವ್ವ ತೊಟ್ಟಿಲ ಹಗ್ಗ ಹಿಡಿದುಕೊಂಡಳು. ಆಮೇಲೆ ಅಂದಳು, "ಇಟ್ಟಿದ್ರು. ನಿಮಗೆ ಗೊತ್ತಾಗ್ಲಿಲ್ಲ, ಅಷ್ಟೇ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ನಾನು ಹೋಗಿ ಪಕ್ಕದಲ್ಲಿ ಕೂತೆ, ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಕೇಳದೆ ಓದಿದ್ದು ತಪ್ಪು, ಬೈಯಿರಿ. ವಾರ್ಡಿನ ಬಾಗಿಲಿನಿಂದ ನೀವು ತಿರುಗಿ ಹೋದ ಕಡೆಗೆ ಬಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಹೇಳಿದ್ದು ಇಷ್ಟು, "ಭಾನುವಾರ ರಾಮನವಮಿ. ಪಾನಕಕ್ಕೆ ಬರಾಕೇಳು ಆ ಅಮ್ಮಾಯಿಗೆ."

ನಿಮ್ಮ ಕಣ್ಣಿನ ಹೆದರಿಕೆಗೆ ನನ್ನ ಹತ್ತಿರ ಔಷಧಿ ಇಲ್ಲ ವದಿನಾ. ಒಂದು ಮಾತು ಹೇಳುತ್ತೇನೆ. ನಿಮ್ಮ ಮಗನನ್ನು ಒಂಬತ್ತು ದಿನ ನೀವು ನೋಡಿದ್ದು ಹೆಚ್ಚಾಗಿರಲಿಲ್ಲ, ಕಡಿಮೆಯಾಗಿತ್ತು. ಇವನನ್ನು ಎಷ್ಟು ಬೇಕೋ ಅಷ್ಟು ನೋಡಿ. ಇವನ ತಾಯಿ ನಾನು ಹೇಳುತ್ತಿದ್ದೇನೆ. ಶಿಲ್ಪಾ ಹೇಳಬೇಕಿದ್ದ ಹೆಸರು ಅವ್ವ ಆರಿಸಿದ್ದು. ನಾನೂ ರವಿಯೂ ಯಾವ ಹೆಸರನ್ನೂ ಆರಿಸಿಲ್ಲ, ನಿಮಗೇ ಬಿಟ್ಟಿದ್ದೇವೆ. ಯಾವ ಹೆಸರಾದರೂ ಸರಿ. ನನ್ನ ಮಾತು ನಿಮಗೆ ಅರ್ಥವಾಗುತ್ತದೆ.

ಕಾಂಚನಾ


ನನ್ನಿವಾಳ ಅಂಗನವಾಡಿ
೭ ಏಪ್ರಿಲ್ ೨೦೨೫, ಸೋಮವಾರ

ಕಾಂಚನಾ,

ಮಕ್ಕಳು ಮಲಗಿವೆ. ನಿನ್ನೆ ನೀನು ಅಲ್ಲೇ ಇದ್ದೆ, ನಡೆದದ್ದನ್ನು ನಿನಗೆ ಹೇಳುವುದೇನಿಲ್ಲ. ನೀನು ನೋಡದಿದ್ದದ್ದನ್ನು ಮಾತ್ರ ಬರೆಯುತ್ತೇನೆ.

ಹೊಸ್ತಿಲ ಮುಂದೆ ನಾನು ನಿಂತುಬಿಟ್ಟಿದ್ದು ಚಪ್ಪಲಿ ಬಿಡಲು ಅಲ್ಲ. ಕಾಲು ಬರಲಿಲ್ಲ. ರವಿ ಬೈಕು ನಿಲ್ಲಿಸಲು ಹೋಗಿದ್ದ, ಈಗಲೂ ಹೊರಟುಬಿಡಬಹುದು ಅನ್ನಿಸಿತು. ನಿಮ್ಮ ಅವ್ವ ಮಗುವನ್ನು ಎತ್ತಿಕೊಂಡು ಬಂದು ನನ್ನ ತೋಳಿಗೆ ಹಾಕಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಿಜವಾಗಿ ಮುಚ್ಚಿಕೊಂಡಿದ್ದೆ, ಅವರು ನೋಡಿದರು. "ಕಣ್ಣು ಬಿಡು ಕಾವ್ಯ. ಅವನು ನಿನ್ನೇ ನೋಡಾಕತ್ಯಾನೆ" ಅಂದರು. ಬಿಟ್ಟೆ. ನಾನು ನೋಡುವುದಕ್ಕಿಂತ ಮೊದಲೇ ಅವನು ನನ್ನನ್ನು ನೋಡುತ್ತಿದ್ದ, ಯಾರ ಹೆದರಿಕೆಯೂ ಇಲ್ಲದೆ. ಕಣ್ಣು ರವಿಯ ಹಾಗಿಲ್ಲ, ನಿನ್ನ ಹಾಗೂ ಇಲ್ಲ. ನಮ್ಮವ್ವನ ಕಣ್ಣು.

ಕಿವಿಯಲ್ಲಿ ನಾನು ಏನು ಹೇಳುತ್ತೇನೋ ಅಂತ ನೀನು ಕಾಯುತ್ತಾ ನಿಂತಿದ್ದೆ. ನನ್ನ ಮಗನಿಗೆ ಅಂತ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರನ್ನೇ ಹೇಳುತ್ತೇನೆ ಅಂತ ನೀನು ಅಂದುಕೊಂಡಿದ್ದೆ, ನಿನ್ನ ಮುಖದಲ್ಲಿ ಕಾಣುತ್ತಿತ್ತು. ಹೇಳಿದ್ದರೆ ನೀನು ಬೇಡ ಅನ್ನುತ್ತಿರಲಿಲ್ಲ. ಅದಕ್ಕೆ ಸಾಯುವವರೆಗೂ ನಿನಗೆ ಋಣಿ. ಅಂಜನ್ ಅಂದಾಗ ನಿನಗೆ ಸಮಾಧಾನವೂ ಆಯಿತು, ಸ್ವಲ್ಪ ಬೇಜಾರೂ ಆಯಿತು, ಅಲ್ಲವೇ? ಅಂಜನ್ ಅವನದೇ ಹೆಸರು, ಯಾರದೋ ಉಳಿದದ್ದಲ್ಲ. ಅವನು ಯಾರ ಬದಲಿಗೂ ಬಂದವನಲ್ಲ. ಹೆಸರು ಹೇಳುವವಳ ಬೆನ್ನಿಗೆ ಗುದ್ದುವ ಶಾಸ್ತ್ರವನ್ನು ನಿಮ್ಮ ಅವ್ವ ಎಷ್ಟು ಮನಸ್ಸಿಟ್ಟು ಮಾಡಿದರೆಂದರೆ ಇವತ್ತೂ ನೋಯುತ್ತಿದೆ.

ವಾಪಸ್ ಬರುವಾಗ ರವಿಯ ಜೊತೆ ಬೈಕಿನಲ್ಲಿ ಬರಲಿಲ್ಲ, ಬಸ್ಸಿಗೆ ಬರುತ್ತೇನೆ ಅಂದೆ. ಬಸ್ಸು ಅರ್ಧ ಖಾಲಿಯಿತ್ತು. ಕಿಟಕಿಯ ಪಕ್ಕ ಕೂತೆ. ಊರು ದಾಟಿದ ಮೇಲೆ, ಮೂರು ವರ್ಷದಿಂದ ಯಾರಿಗೂ ಹೇಳದ ಆ ಇನ್ನೊಂದು ಹೆಸರನ್ನು ಬಾಯಿ ಬಿಟ್ಟು ಕರೆದೆ. ಮೂರು ಸಲ, ಶಾಸ್ತ್ರದಲ್ಲಿ ಇರುವ ಹಾಗೆ. ಬಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಕಾವ್ಯ